ರೇನ್‌ಕೋಟ್ ಬಟ್ಟೆಯಲ್ಲ, ಗಾಡಿಯ ಅಂಗ

ಮಿರಗದ ಮಳೆ ಸಮೀಪಿಸುತ್ತಿದ್ದಂತೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪೇಟೆಯಲ್ಲಿ ಅಂಗಡಿಗಳ ಮುಂದೆ ರೇನ್‌ಕೋಟುಗಳು ತೂಗಾಡತೊಡಗುತ್ತವೆ. ಸಂತೆಗೆ ಬಂದ ರೈತ, ಸಕ್ಕರೆ ಕಾರ್ಖಾನೆಯ ಪಾಳಿಗೆ ಹೊರಟ ಕಾರ್ಮಿಕ, ಹಾಲಿನ ಕ್ಯಾನು ಕಟ್ಟಿಕೊಂಡ ಗೌಳಿ, ಹಳ್ಳಿಯ ಶಾಲೆಗೆ ಹೋಗುವ ಶಿಕ್ಷಕ, ಎಲ್ಲರೂ ಅದನ್ನು ಎರಡು ಬೆರಳಿನಿಂದ ಹಿಸುಕಿ ನೋಡಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟಕ್ಕ ಬಿಡ್ತೀರಿ?" ಬೆಲೆಯನ್ನು ಬಿಟ್ಟು ಎರಡನೆಯ ಪ್ರಶ್ನೆ ಕೇಳಿದವರನ್ನು ನಾನು ಬಹಳ ಅಪರೂಪಕ್ಕೆ ಕಂಡಿದ್ದೇನೆ. ಅದೇ ಮನುಷ್ಯ ಗಾಡಿ ಕೊಳ್ಳುವಾಗ ಮೈಲೇಜ್ ಎಷ್ಟು, ಸಿಸಿ ಎಷ್ಟು, ಬ್ರೇಕು ಡ್ರಮ್ಮೋ ಡಿಸ್ಕೋ, ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ ಎಂದು ಅರ್ಧ ದಿನ ಕೇಳಿರುತ್ತಾನೆ. ಎಂಬತ್ತು ತೊಂಬತ್ತು ಸಾವಿರದ ಗಾಡಿ ಕೊಂಡವನು ಮುನ್ನೂರು ರೂಪಾಯಿಯ ರೇನ್‌ಕೋಟಿಗೆ ಚೌಕಾಸಿ ಮಾಡುವುದನ್ನು ನೋಡಿದರೆ, ಆನೆ ಕೊಂಡು ಅಂಕುಶಕ್ಕೆ ಹಿಂದೇಟು ಹಾಕುವವನ ನೆನಪಾಗುತ್ತದೆ.

ಇದಕ್ಕೆಲ್ಲ ಮೂಲ ಒಂದು ತಪ್ಪು ಗ್ರಹಿಕೆ. ರೇನ್‌ಕೋಟ್ ಎಂದರೆ ಅಂಗಿ ಒದ್ದೆಯಾಗದಿರಲೆಂದು ಮೇಲೆ ಹಾಕಿಕೊಳ್ಳುವ ಇನ್ನೊಂದು ಅಂಗಿ ಎಂದು ಜನ ತಿಳಿದಿದ್ದಾರೆ. ಒದ್ದೆಯಾದರೆ ಏನಾಯಿತು, ಮನೆಗೆ ಹೋಗಿ ಒಣಗಿಸಿದರಾಯಿತು ಎಂಬ ಉದಾಸೀನ ಅಲ್ಲಿಂದಲೇ ಹುಟ್ಟುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು: ಕಾಲ್ನಡೆಯವನಿಗೆ ರೇನ್‌ಕೋಟ್ ಬಟ್ಟೆ ಇರಬಹುದು, ಗಾಡಿಯ ಮೇಲೆ ಕೂತವನಿಗೆ ಅದು ಬ್ರೇಕು, ಹೆಡ್‌ಲೈಟುಗಳ ಹಾಗೆ ಗಾಡಿಯದೇ ಒಂದು ಅಂಗ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಶಾಖವನ್ನು ಒಯ್ಯುತ್ತದೆ. ಒದ್ದೆ ಮೈಗೆ ಎದುರುಗಾಳಿ ಹೊಡೆಯುತ್ತಿದ್ದರೆ ಅರ್ಧ ಗಂಟೆಯಲ್ಲಿ ಬೆರಳುಗಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳು ಬ್ರೇಕಿನ ಹಿಡಿಯನ್ನು ತಡವಾಗಿ ಒತ್ತುತ್ತದೆ. ನಡುಗುವ ಮನುಷ್ಯ "ಬೇಗ ಊರು ಮುಟ್ಟಿದರೆ ಸಾಕು" ಎಂದು ಗಾಡಿಯ ವೇಗ ಹೆಚ್ಚಿಸುತ್ತಾನೆ. ರಸ್ತೆ ಜಾರುವ ಹೊತ್ತಿನಲ್ಲೇ ವೇಗ ಹೆಚ್ಚುವುದು, ಕೈ ನಿಧಾನವಾಗುವುದು, ಕಣ್ಣು ಮಂಜಾಗುವುದು ಎಲ್ಲ ಒಟ್ಟಿಗೆ ಬಂದಾಗ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ನಮ್ಮ ಅಪ್ಪ ಅಜ್ಜ ಯಾವ ರೇನ್‌ಕೋಟ್ ಹಾಕಿದ್ರ್ರೀ ಸರ? ಅವರೇನು ಮಳ್ಯಾಗ ಸತ್ರೇನು?" ಎಂದು ಕೇಳುವ ತರುಣರಿದ್ದಾರೆ. ಹಾಕಿರಲಿಲ್ಲ ಎಂದು ಯಾರು ಹೇಳಿದರು? ನಮ್ಮ ಸೀಮೆಯ ಒಕ್ಕಲಿಗನ ಹೆಗಲ ಮೇಲೆ ಕರಿ ಕಂಬಳಿ ಇರದ ದಿನವೇ ಇರಲಿಲ್ಲ. ಡೆಕ್ಕನಿ ಕುರಿಯ ಉಣ್ಣೆಯಿಂದ ಕುರುಬರು ನೇಯ್ದ ಆ ಕಂಬಳಿಯ ಒಂದು ತುದಿಯನ್ನು ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿದರೆ, ನೆತ್ತಿಯಿಂದ ಮೊಣಕಾಲಿನವರೆಗೆ ರಕ್ಷಣೆ. ಉಣ್ಣೆಯಲ್ಲಿ ಸ್ವಾಭಾವಿಕವಾದ ಜಿಡ್ಡಿದೆ. ಮಳೆಹನಿ ಅದರ ಮೇಲೆ ಜಾರುತ್ತದೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿದರೂ ಮೈಗೆ ಒದ್ದೆ ಎನಿಸದ ಗುಣ ಉಣ್ಣೆಗಿದೆ. ಒಳಗಿನ ಬೆವರಿನ ಆವಿಯನ್ನೂ ಅದು ಹೊರಗೆ ಬಿಡುತ್ತದೆ. ಇಂದು ಸಾವಿರಾರು ರೂಪಾಯಿ ಕೊಟ್ಟು "ಬ್ರೀದಬಲ್" ಎಂದು ಕೊಳ್ಳುವ ಗುಣವನ್ನು ನಮ್ಮ ಅಜ್ಜಂದಿರು ಕುರಿಯ ಬೆನ್ನಿನಿಂದಲೇ ಪಡೆದಿದ್ದರು. ಕಂಬಳಿ ಸಿಗದ ಬಡವ ಗೋಣಿಚೀಲವನ್ನೇ ಕೊಪ್ಪೆ ಮಾಡಿಕೊಳ್ಳುತ್ತಿದ್ದ. ಮಳೆಗೆ ಮೈಯೊಡ್ಡುವುದು ಗಂಡಸುತನ ಎಂಬ ಹುಚ್ಚು ಅವರಿಗಿರಲಿಲ್ಲ.

ಆದರೆ ಆ ಕಂಬಳಿಯನ್ನೇ ಹೊದ್ದು ಇಂದು ಗಾಡಿ ಏರಿದರೆ ಕೆಲಸಕ್ಕೆ ಬಾರದು. ಏಕೆಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಒಂಬತ್ತನೆಯ ತರಗತಿಯ ಹುಡುಗನೂ ಮಾಡಬಲ್ಲ. ಮೂರು ಮಿ.ಮೀ. ದಪ್ಪದ ಮಳೆಹನಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಹೊಲದ ಬದುವಿನ ಮೇಲೆ ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವ ರೈತ ಸೆಕೆಂಡಿಗೆ 1.4 ಮೀಟರ್ ಮುಂದೆ ಸಾಗುತ್ತಾನೆ. ಅವನ ಪಾಲಿಗೆ ಮಳೆ ಲಂಬರೇಖೆಯಿಂದ 10 ಡಿಗ್ರಿ ಮಾತ್ರ ಓರೆಯಾಗಿ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಬೀಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಓಡಿಸುವವನು ಸೆಕೆಂಡಿಗೆ 16.7 ಮೀಟರ್ ಮುಂದೆ ಹೋಗುತ್ತಾನೆ. ಅವನಿಗೆ ಮಳೆ 64 ಡಿಗ್ರಿ ಓರೆಯಾಗಿ ಬರುತ್ತದೆ. ಎಂದರೆ ಅವನ ಪಾಲಿಗೆ ಮಳೆ ಮೇಲಿನಿಂದ ಬೀಳುವುದೇ ಇಲ್ಲ; ಎದುರಿನಿಂದ ಹೊಡೆಯುತ್ತದೆ. ಕುತ್ತಿಗೆ, ಎದೆಯ ಜಿಪ್ಪು, ತೊಡೆಯ ಸಂದು, ತೋಳಿನ ತುದಿ, ಪಾದ ಇವೇ ನೀರು ನುಗ್ಗುವ ಬಾಗಿಲುಗಳು. ಕಂಬಳಿ, ಗೋಣಿಕೊಪ್ಪೆ, ಛತ್ರಿ ಇವೆಲ್ಲ ನೆತ್ತಿಯ ಮೇಲಿನ ಮಳೆಗಾಗಿ ಹುಟ್ಟಿದವು. ಎದುರಿನ ಮಳೆಗೆ ಬೇರೆಯದೇ ಉಡುಪು ಬೇಕು.

ಎರಡನೆಯ ಆಕ್ಷೇಪ ಅಥಣಿ, ಕಾಗವಾಡದ ಕಡೆಯಿಂದ ಬರುತ್ತದೆ: "ನಮ್ಮ ಕಡೆ ಮಳೀನ ಇಲ್ಲ, ರೇನ್‌ಕೋಟ್ ಯಾಕ್ರಿ?" ಸಹ್ಯಾದ್ರಿಯ ಮಳೆ ಪೂರ್ವಕ್ಕೆ ಬರುಬರುತ್ತ ಕ್ಷೀಣಿಸುವುದು ನಿಜ. ಖಾನಾಪುರದ ಕಾಡಿನಲ್ಲಿ ಸುರಿಯುವ ಮಳೆಯ ಸಣ್ಣದೊಂದು ಪಾಲೂ ಅಥಣಿಗೆ ದಕ್ಕುವುದಿಲ್ಲ. ಆದರೆ ಮಳೆ ಕಡಿಮೆ ಬೀಳುವ ಊರಿನಲ್ಲಿ ಸವಾರನಿಗೆ ಅಪಾಯ ಕಡಿಮೆ ಎಂಬುದು ಸುಳ್ಳು. ನಿಪ್ಪಾಣಿಯ ಕಡೆ ಜಿಟಿಜಿಟಿ ಮಳೆ ದಿನವಿಡೀ ಹಿಡಿಯುವುದರಿಂದ ಜನ ಮನೆಯಿಂದಲೇ ಸಜ್ಜಾಗಿ ಹೊರಡುತ್ತಾರೆ. ಅಥಣಿಯ ಮಳೆ ಹಾಗಲ್ಲ. ಅದು ಬಹುಪಾಲು ಬರುವುದು ಸೆಪ್ಟೆಂಬರಿನ ಆಸುಪಾಸಿನಲ್ಲಿ. ಮಧ್ಯಾಹ್ನದವರೆಗೆ ಬಿಸಿಲು ಸುಟ್ಟು, ಸಂಜೆ ಗುಡುಗಿ ಅರ್ಧ ಗಂಟೆಯಲ್ಲಿ ಹಳ್ಳ ಹರಿಸಿ ಹೋಗುತ್ತದೆ. ಬೆಳಿಗ್ಗೆ ಬಿಸಿಲು ನೋಡಿ ರೇನ್‌ಕೋಟ್ ಮನೆಯಲ್ಲಿ ಬಿಟ್ಟವನೇ ಆ ಮಳೆಗೆ ಸಿಕ್ಕಿಬೀಳುವವನು. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲಿನ ಧೂಳು, ಎಣ್ಣೆ, ಟ್ರ್ಯಾಕ್ಟರ್ ಗಾಲಿಗಳು ಹೊಲದಿಂದ ತಂದ ಎರೆಮಣ್ಣು, ಇವೆಲ್ಲ ಮೊದಲ ಹತ್ತು ನಿಮಿಷದ ಮಳೆಗೆ ಸಾಬೂನಿನಂತಾಗುತ್ತವೆ.

ಅಲ್ಲದೆ ನಮ್ಮ ಜನ ತಮ್ಮ ತಾಲೂಕಿನಲ್ಲಿಯೇ ಗಾಡಿ ಓಡಿಸಿಕೊಂಡಿರುವವರಲ್ಲ. ದವಾಖಾನೆಗೆ ಮೀರಜಕ್ಕೆ, ವ್ಯಾಪಾರಕ್ಕೆ ಸಾಂಗಲಿಗೆ, ಕೆಲಸಕ್ಕೆ ಕಾಗಲ್ ಮತ್ತು ಇಚಲಕರಂಜಿಗೆ, ದೇವಿಯ ದರ್ಶನಕ್ಕೆ ಕೊಲ್ಲಾಪುರಕ್ಕೆ ಹೋಗುವುದು ನಿತ್ಯದ ಮಾತು. ಮಳೆಗಾಲದಲ್ಲಿ ಆ ದಾರಿಗಳೇ ನೆಟ್ಟಗಿರುವುದಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಏರಿದರೆ ಕಲ್ಲೋಳ–ಯಡೂರಿನಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ. ಹೊಳೆಯಾಚೆ ಕಾಣುವ ಊರಿಗೆ ಇಪ್ಪತ್ತು ಮೂವತ್ತು ಕಿ.ಮೀ. ಸುತ್ತಿ ಹೋಗಬೇಕು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಯಮಗರಣಿಯ ಬಳಿ ಹೆದ್ದಾರಿಯ ಮೇಲೆಯೇ ವೇದಗಂಗೆಯ ನೀರು ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. "ಐದು ನಿಮಿಷದ ದಾರಿ" ಎಂದು ಹೊರಟವನು ಎರಡು ತಾಸು ಮಳೆಯಲ್ಲಿ ನೆನೆಯುವ ನಾಡು ಇದು. ಆದ್ದರಿಂದ ರೇನ್‌ಕೋಟ್ ಇರಬೇಕಾದ ಸ್ಥಳ ಮನೆಯ ಗೂಟವಲ್ಲ, ಗಾಡಿಯ ಪೆಟ್ಟಿಗೆ. ಜೂನಿನಿಂದ ನವೆಂಬರ್ ತನಕ ಅದು ಅಲ್ಲಿಯೇ ಇರಲಿ.

ಈಗ ಮನಸ್ಸಿಗೆ ಅತ್ಯಂತ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಮಳೆಗಾಲದ ಒಂದು ಸಂಜೆ ಚಿಕ್ಕೋಡಿಯ ಯಾವುದೇ ವೃತ್ತದಲ್ಲಿ ಹತ್ತು ನಿಮಿಷ ನಿಂತು ನೋಡಿರಿ. ಮುಂದೆ ಗಂಡ ಕೋಟು, ಪ್ಯಾಂಟು, ಟೊಪ್ಪಿಗೆ ಎಲ್ಲ ಬಿಗಿದುಕೊಂಡು ಕೂತಿರುತ್ತಾನೆ. ಹಿಂದೆ ಹೆಂಡತಿ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದು ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು ಕೂತಿರುತ್ತಾಳೆ. ಕೇಳಿದರೆ ಉತ್ತರ ಸಿದ್ಧ: "ಆಕೀಗೇನ್ರಿ, ಹಿಂದ ಕೂತಿರ್ತಾಳ, ಛತ್ರಿ ಹಿಡಿತಾಳ." ಈ ಮಾತನ್ನು ಓದುಬರಹ ಬಲ್ಲವರ ಬಾಯಿಂದಲೇ ನಾನು ಕೇಳಿದ್ದೇನೆ. ಹಳ್ಳಿಯ ಶಾಲೆಗಳಿಗೆ ನಿಯುಕ್ತರಾದ ಎಷ್ಟೋ ಶಿಕ್ಷಕಿಯರು ಒದ್ದೆ ಸೀರೆಯಲ್ಲಿಯೇ ನಿಂತು ಐದು ಪೀರಿಯಡ್ ಪಾಠ ಮಾಡುತ್ತಿದ್ದುದನ್ನು, ಜ್ವರ ಬಂದರೂ ರಜೆ ಹಾಕದೆ ಬರುತ್ತಿದ್ದುದನ್ನು ನನ್ನ ಸೇವೆಯ ಕಾಲದಲ್ಲಿ ಕಂಡಿದ್ದೇನೆ. ಅವರನ್ನು ಬಿಡಲು ಬಂದ ಗಂಡಂದಿರ ಮೈಮೇಲೆ ಮಾತ್ರ ಒಳ್ಳೆಯ ರೇನ್‌ಕೋಟ್ ಇರುತ್ತಿತ್ತು.

ಆ ಛತ್ರಿ ಏನು ಮಾಡುತ್ತದೆಂಬುದಕ್ಕೂ ಲೆಕ್ಕವಿದೆ. ಒಂದು ಮೀಟರ್ ಅಗಲದ ಬಿಚ್ಚಿದ ಛತ್ರಿಗೆ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಎದುರಿನಿಂದ ತುಂಬಿಕೊಂಡರೆ ಅದು ಸುಮಾರು 8 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೆ. ವೇಗ 60ಕ್ಕೆ ಏರಿದರೆ ಎಳೆತ 18 ಕಿಲೋ ಆಗುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಬಲ ಹೆಚ್ಚುತ್ತದೆಂಬ ನಿಯಮ ಛತ್ರಿಗೂ ಅನ್ವಯಿಸುತ್ತದೆ. ಎದುರಿನಿಂದ ಒಂದು ಟ್ರಕ್ಕು ಹಾದುಹೋದ ಕ್ಷಣದಲ್ಲಿ ಆ ಎಳೆತ ದಿಕ್ಕು ಬದಲಿಸುತ್ತದೆ. ಒಂದು ಕೈಯಲ್ಲಿ ಕೂಸು ಹಿಡಿದವಳು ಆಗ ಏನನ್ನು ಬಿಡಬೇಕು, ಛತ್ರಿಯನ್ನೋ ಗಾಡಿಯನ್ನೋ? ನೆರೆಯ ಕೇರಳ 2021ರಲ್ಲಿ ದ್ವಿಚಕ್ರ ವಾಹನದ ಮೇಲೆ ಛತ್ರಿ ಹಿಡಿಯುವುದನ್ನೇ ನಿಷೇಧಿಸಿತು. ಸವಾರ ಹಿಡಿದರೂ ತಪ್ಪು, ಹಿಂದೆ ಕೂತವರು ಹಿಡಿದರೂ ತಪ್ಪು. ನಾವು ಆ ನಿಷೇಧಕ್ಕಾಗಿ ಕಾಯಬೇಕೇ? ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂತವರಿಗೆ ಹಿಡಿಕೆ, ಕಾಲೂರುವ ಪಟ್ಟಿ, ಬಟ್ಟೆ ಸಿಕ್ಕದಂತೆ ಹಿಂಗಾಲಿಯ ಅರ್ಧ ಭಾಗಕ್ಕೆ ರಕ್ಷಣೆ ಇರಲೇಬೇಕೆಂದು ಹೇಳುತ್ತದೆ. ಗಾಡಿಯ ಹಿಂದೆ ಕೂತ ಜೀವಕ್ಕೂ ಬೆಲೆಯಿದೆಯೆಂದು ಕಾನೂನು ಒಪ್ಪಿದೆ. ಒಪ್ಪದಿರುವುದು ನಮ್ಮ ಮನೆಗಳು ಮಾತ್ರ.

ಹಾಗೆಂದು ಹೆಂಗಸರಿಗಾಗಿ ಮಾರುವ, ಕೊರಳಿನಿಂದ ಇಳಿಬಿಟ್ಟ ಜೋಲಾಡುವ ಪ್ಲಾಸ್ಟಿಕ್ ಗವಸನ್ನು ತಂದುಕೊಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳಬೇಡಿ. ಗಾಳಿಗೆ ಹಾರುವ ಅದರ ಅಂಚು ಸೀರೆಯ ಸೆರಗಿನ ಹಾಗೆಯೇ ಚಕ್ರಕ್ಕೆ ಅಥವಾ ಚೈನಿಗೆ ಸಿಕ್ಕಬಲ್ಲದು. ಹಿಂದೆ ಕೂತವರಿಗೂ ಮುಂದೆ ಕೂತವರಷ್ಟೇ ಒಳ್ಳೆಯ, ಮೈಗೆ ಹೊಂದುವ, ಮೇಲೊಂದು ಕೆಳಗೊಂದು ಎಂದು ಎರಡು ತುಂಡಿನ ಉಡುಪು ಬೇಕು. ಸೀರೆಯ ಮೇಲೆ ಪ್ಯಾಂಟು ಹೇಗೆ ಎಂದು ಕೇಳುವವರಿದ್ದಾರೆ. ಎರಡು ಅಳತೆ ದೊಡ್ಡದನ್ನು ಕೊಂಡರೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ ಅದರ ಮೇಲೆ ಹಾಕಬಹುದು. ಆಗ ಎರಡೂ ಕಡೆ ಕಾಲು ಹಾಕಿ ಕೂಡುವುದೂ ಸಾಧ್ಯವಾಗುತ್ತದೆ. ಅದೊಂದೇ ಲಾಭ ರೇನ್‌ಕೋಟಿನ ಬೆಲೆಯನ್ನು ತೀರಿಸುತ್ತದೆ.

ಇನ್ನು ಅಂಗಡಿಕಾರರ ಮಾತು. ನಮ್ಮ ಭಾಗದ ಪೇಟೆಯೊಂದರಲ್ಲಿ ನಾನೊಮ್ಮೆ ಒಂದು ರೇನ್‌ಕೋಟ್ ಹಿಡಿದು, "ಇದು ಎಷ್ಟು ಮಿಲಿಮೀಟರಿನದು?" ಎಂದು ಕೇಳಿದೆ. ಅಂಗಡಿಯಾತ ನನ್ನನ್ನು ಮಳೆಮಾಪನ ಇಲಾಖೆಯವನೆಂದು ಭಾವಿಸಿದಂತೆ ನೋಡಿ, "ಗ್ಯಾರಂಟಿ ಐತ್ರಿ ಸರ, ಹನಿ ನೀರ ಒಳಗ ಬರಂಗಿಲ್ಲ" ಎಂದ. ಲೇಬಲ್ಲಿನ ಮೇಲೆ "ನೂರಕ್ಕೆ ನೂರು ವಾಟರ್‌ಪ್ರೂಫ್" ಎಂದಿತ್ತು. ನೂರಕ್ಕೆ ನೂರು ಎಂಬುದು ಮಾಪನವಲ್ಲ, ಶಪಥ. ಮಾಪನ ಬೇರೆಯೇ ಇದೆ. ಬಟ್ಟೆಯ ಮೇಲೆ ನೀರಿನ ಕಂಬವನ್ನು ಏರಿಸುತ್ತ ಹೋಗಿ, ಎಷ್ಟು ಎತ್ತರದಲ್ಲಿ ಅದು ಸೋರತೊಡಗುತ್ತದೆಂದು ನೋಡುತ್ತಾರೆ. ಆ ಎತ್ತರವನ್ನು ಮಿ.ಮೀ.ಗಳಲ್ಲಿ ಬರೆಯುತ್ತಾರೆ. ಸೀಟಿನ ಮೇಲೆ ಕೂತ 70 ಕಿಲೋ ಮನುಷ್ಯನ ತೂಕ 1000 ಚದರ ಸೆಂ.ಮೀ. ಜಾಗದ ಮೇಲೆ ಬಿದ್ದರೆ ಸರಾಸರಿ ಒತ್ತಡವೇ 700 ಮಿ.ಮೀ. ನೀರಿನ ಕಂಬಕ್ಕೆ ಸಮ. ಎಲುಬು ಒತ್ತುವ ಜಾಗದಲ್ಲಿ ಅದು ಹಲವು ಪಟ್ಟು; ಗುಂಡಿಗೆ ಗಾಲಿ ಬಿದ್ದಾಗ ಇನ್ನೂ ಹೆಚ್ಚು. ಹಾಗಾಗಿ 1500, 2000 ಮಿ.ಮೀ. ಬಟ್ಟೆ ನಿಂತವನನ್ನು ಕಾಯಬಹುದು, ಕೂತವನನ್ನು ಕಾಯಲಾರದು. ಗಾಡಿಗೆ 5000 ಕನಿಷ್ಠ, 10000 ನೆಮ್ಮದಿ. ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಗುರುತು ಹುಡುಕುವ ಜನ ರೇನ್‌ಕೋಟ್ ಕೊಳ್ಳುವಾಗ ಈ ಸಂಖ್ಯೆಯನ್ನು ಏಕೆ ಹುಡುಕಬಾರದು? ನಾವು ಕೇಳದಿದ್ದರೆ ಅಂಗಡಿಕಾರ ಏಕೆ ತಿಳಿದುಕೊಂಡಾನು?

ಸಂಖ್ಯೆಗಿಂತ ಮುಖ್ಯವಾದದ್ದು ಹೊಲಿಗೆ. ಸೂಜಿ ಹೋದಲ್ಲೆಲ್ಲ ತೂತು. ಒಂದು ಕೋಟಿನಲ್ಲಿ ಅಂಥ ಸಾವಿರಾರು ತೂತುಗಳಿರುತ್ತವೆ. ಒಳಮೈಯನ್ನು ತಿರುಗಿಸಿ ನೋಡಿದರೆ ಪ್ರತಿಯೊಂದು ಹೊಲಿಗೆಯ ಮೇಲೂ ಬೆರಳಗಲದ ಪಟ್ಟಿಯನ್ನು ಕಾಯಿಸಿ ಅಂಟಿಸಿರಬೇಕು. ಎದೆಯ ಜಿಪ್ಪಿನ ಮೇಲೆ ಎರಡು ಪದರದ ಮುಚ್ಚಳವಿರಬೇಕು. ಪ್ಯಾಂಟಿನ ತೊಡೆಸಂದಿನಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗವನ್ನು ವಿಶೇಷವಾಗಿ ಪರೀಕ್ಷಿಸಬೇಕು. ಮೊದಲು ಸೋರುವುದು ಅಲ್ಲಿಯೇ. ಪಟ್ಟಿಯಿಲ್ಲದ ಕೋಟು ಎಷ್ಟೇ ದಪ್ಪವಿರಲಿ, ಅದು ಜರಡಿ.

ಇಷ್ಟು ಹೇಳಿದ ಮೇಲೆ, ಬೆಂಗಳೂರು ಪುಣೆಗಳಿಂದ ರಜೆಗೆ ಬರುವ ನಮ್ಮ ತರುಣರು ಎದುರು ನಿಲ್ಲುತ್ತಾರೆ. ಅವರ ಪ್ರಕಾರ ಇದೆಲ್ಲ ಹಳೆಯ ಮಾತು. "ಬ್ರೀದಬಲ್" ಜಾಕೆಟ್ ಒಂದೇ ಪರಿಹಾರ, ಅದಕ್ಕೆ ಹತ್ತೋ ಹದಿನೈದೋ ಸಾವಿರವಾದರೂ ಸರಿ. ಈ ಶಬ್ದದ ಹಿಂದಿನ ವಿಜ್ಞಾನಕ್ಕೆ ನನ್ನ ಗೌರವವಿದೆ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರನ್ನು ಸವರಿ ನೀರು ತೂರದ ಬಟ್ಟೆ ಮಾಡಿದ. ನಮ್ಮ ದೇಶದಲ್ಲಿ ಸ್ವದೇಶಿ ಮನೋಧರ್ಮದ ಸುರೇಂದ್ರಮೋಹನ ಬೋಸರು 1920ರಲ್ಲಿ ಕಲ್ಕತ್ತೆಯಲ್ಲಿ ಬೆಂಗಾಲ್ ವಾಟರ್‌ಪ್ರೂಫ್ ಸ್ಥಾಪಿಸಿದರು; ಅದರ ಡಕ್‌ಬ್ಯಾಕ್ ರೇನ್‌ಕೋಟನ್ನು ನನ್ನ ತಲೆಮಾರಿನವರು ಮರೆಯಲಾರರು. ಆದರೆ ರಬ್ಬರು ಮಳೆಯನ್ನು ತಡೆದಷ್ಟೇ ಬಿಗಿಯಾಗಿ ಬೆವರನ್ನೂ ತಡೆಯಿತು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪದಾರ್ಥವನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಅತಿಸೂಕ್ಷ್ಮ ರಂಧ್ರಗಳ ಪೊರೆಯೊಂದು ದೊರೆಯಿತು. ನೀರಿನ ಹನಿಗಿಂತ ಸಾವಿರಾರು ಪಟ್ಟು ಸಣ್ಣದು, ನೀರಾವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡದು ಎಂಬ ಅಳತೆಯ ರಂಧ್ರಗಳು. ಹನಿ ಒಳಬರದು, ಆವಿ ಹೊರಹೋದೀತು. 1976ರಿಂದ ಅದು ಗೋರ್‌ಟೆಕ್ಸ್ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ.

ಆದರೆ ಆವಿ ತಾನಾಗಿಯೇ ಹೊರಗೆ ಹೋಗುವುದಿಲ್ಲ. ಒಳಗಿನ ಆವಿಯ ಒತ್ತಡ ಹೆಚ್ಚು, ಹೊರಗಿನದು ಕಡಿಮೆ ಇದ್ದಾಗ ಮಾತ್ರ ಹೋಗುತ್ತದೆ. ಬೆವರಿದ 34 ಡಿಗ್ರಿ ಚರ್ಮದ ಬಳಿ ಆವಿಯ ಒತ್ತಡ ಪಾದರಸದ 40 ಮಿ.ಮೀ. ಹೊರಗೆ 5 ಡಿಗ್ರಿ ಚಳಿಯ ಮಳೆಯಿರುವ ದೇಶದಲ್ಲಿ ಅದು 6.5 ಮಿ.ಮೀ. ಮಾತ್ರ. ಅಂತರ 33ರಷ್ಟು, ಪೊರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಜುಲೈ ತಿಂಗಳ ಮಳೆಯಲ್ಲಿ ಹೊರಗಿನ ಗಾಳಿ 24 ಡಿಗ್ರಿ, ಅದೂ ತೇವದಿಂದ ತುಂಬಿ ತುಳುಕುವ ಸ್ಥಿತಿ. ಅದರ ಒತ್ತಡ 22 ಮಿ.ಮೀ. ಅಂತರ 18ಕ್ಕೆ ಇಳಿಯಿತು. ಅಂದರೆ ಅದೇ ಜಾಕೆಟ್ಟು ಇಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ "ಉಸಿರಾಡುತ್ತದೆ". ಮೇಲಿನ ಬಟ್ಟೆ ನೀರು ಕುಡಿದು ಒದ್ದೆಯಾದರೆ ಆ ಅರ್ಧವೂ ಕಡಿಮೆಯಾಗುತ್ತದೆ. ಲೇಬಲ್ಲಿನ ಮೇಲೆ ಬರೆದ ದಿನಕ್ಕೆ ಚದರ ಮೀಟರಿಗೆ ಇಷ್ಟು ಸಾವಿರ ಗ್ರಾಂ ಆವಿ ಎಂಬ ಅಂಕಿ ಪ್ರಯೋಗಾಲಯದ್ದು. ಪರೀಕ್ಷೆಯ ವಿಧಾನಗಳೂ ಹಲವು. ಒಂದರ ಅಂಕಿಯನ್ನು ಇನ್ನೊಂದರ ಅಂಕಿಯೊಂದಿಗೆ ಹೋಲಿಸಲಾಗದು. ಅದು ವೇದಗಂಗೆಯ ದಂಡೆಯ ಅಂಕಿಯಂತೂ ಅಲ್ಲ.

ಹಾಗಾದರೆ ಬೆವರು ಮುಖ್ಯವಲ್ಲವೇ? ಬಹಳ ಮುಖ್ಯ. ಯುರೋಪಿನವರು ಮಳೆಯುಡುಪಿಗಾಗಿ ಇಎನ್ 343 ಎಂಬ ಮಾನದಂಡ ಮಾಡಿಕೊಂಡಿದ್ದಾರೆ. ಅದರ 2003ರ ಆವೃತ್ತಿಯಲ್ಲಿ ಒಂದು ಕೋಷ್ಟಕವಿದೆ. ಆವಿಯನ್ನು ತೀರ ಕಡಿಮೆ ಬಿಡುವ ದರ್ಜೆಯ ಪೂರ್ಣ ಉಡುಪನ್ನು 25 ಡಿಗ್ರಿ ಉಷ್ಣತೆಯಲ್ಲಿ ಸತತ 60 ನಿಮಿಷಕ್ಕಿಂತ ಹೆಚ್ಚು ತೊಟ್ಟು ಕೆಲಸ ಮಾಡಬಾರದು ಎಂದು ಅದು ಸೂಚಿಸುತ್ತದೆ. 10 ಡಿಗ್ರಿಯಲ್ಲಾದರೆ 240 ನಿಮಿಷ ತೊಡಬಹುದು. ನಮ್ಮ ಮಳೆಗಾಲ ಆ 25 ಡಿಗ್ರಿಯ ಸಾಲಿನಲ್ಲಿದೆ. ಒಳಗೆ ಬೆಂದುಹೋಗುವ ಸವಾರ ಮಳೆ ನಿಲ್ಲುವ ಮೊದಲೇ ಜಿಪ್ಪು ಬಿಚ್ಚುತ್ತಾನೆ, ಮರುದಿನ ಕೋಟನ್ನೇ ಬಿಟ್ಟುಬರುತ್ತಾನೆ. ತೊಡಲಾಗದ ರೇನ್‌ಕೋಟ್ ಇದ್ದರೂ ಇಲ್ಲದಂತೆಯೇ. ಆದರೆ ನಮ್ಮ ಹವೆಗೆ ಇದರ ಪರಿಹಾರವನ್ನು ದುಬಾರಿ ಪೊರೆಯಲ್ಲಿ ಮೊದಲು ಹುಡುಕಬೇಕಾಗಿಲ್ಲ, ಹೊಲಿಗೆಯ ಜಾಣತನದಲ್ಲಿ ಹುಡುಕಬೇಕು. ಬೆನ್ನಿನ ಮೇಲ್ಭಾಗದಲ್ಲಿ ಮುಚ್ಚಳವಿರುವ ಗಾಳಿಕಂಡಿ, ಕಂಕುಳಲ್ಲಿ ತೆರೆದು ಮುಚ್ಚುವ ಜಿಪ್ಪು, ಒಳಗೆ ಮೈಗೆ ಅಂಟದಂತೆ ಜಾಳಿಗೆಯ ಅಸ್ತರಿ, ಸಡಿಲವಾದ ಅಳತೆ. ಗಾಡಿ ಓಡುವಾಗ ಗಾಳಿ ಪುಕ್ಕಟೆಯಾಗಿ ಸಿಗುತ್ತದೆ; ಅದಕ್ಕೆ ಒಳಹೋಗಿ ಹೊರಬರುವ ದಾರಿ ಮಾಡಿಕೊಟ್ಟರೆ ಸಾಕು. ದಿನಕ್ಕೆ ಮೂರು ನಾಲ್ಕು ತಾಸು ಗಾಡಿಯ ಮೇಲೆಯೇ ದುಡಿಯುವವರು, ಘಟ್ಟದ ಚಳಿಯಲ್ಲಿ ಪ್ರವಾಸ ಮಾಡುವವರು ಪೊರೆಯ ಜಾಕೆಟ್ ಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ತನಗೊಂದು ಹದಿನೈದು ಸಾವಿರದ ಜಾಕೆಟ್ ಕೊಂಡು ತಾಯಿಯ ಕೈಗೆ ಛತ್ರಿ ಕೊಡುವ ಮಗನನ್ನು ನಾನು ಪ್ರಗತಿಪರನೆನ್ನಲಾರೆ.

ಬಣ್ಣದ ಬಗೆಗೂ ಒಂದು ಮಾತು. ಕಪ್ಪು, ಕಡುನೀಲಿಗಳೇ ನಮ್ಮ ಪೇಟೆಗಳಲ್ಲಿ ಹೆಚ್ಚು ಮಾರಾಟವಾಗುತ್ತವೆ, ಕೆಸರು ಕಾಣುವುದಿಲ್ಲವಂತೆ. ಕೆಸರು ಕಾಣದ ಬಣ್ಣದಲ್ಲಿ ಮನುಷ್ಯನೂ ಕಾಣುವುದಿಲ್ಲ. ಅಕ್ಟೋಬರ್, ನವೆಂಬರಿನ ಹಿಂಗಾರಿನ ಹೊತ್ತಿಗೆ ನಮ್ಮಲ್ಲಿ ಕಬ್ಬಿನ ಹಂಗಾಮು ಆರಂಭವಾಗಿರುತ್ತದೆ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲದೆ, ಮುಸ್ಸಂಜೆಯಲ್ಲಿ ಉಗಾರ, ಚಿಕ್ಕೋಡಿ, ನಿಪ್ಪಾಣಿಗಳ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಆ ಕತ್ತಲಲ್ಲಿ, ಆ ಮಳೆಯಲ್ಲಿ, ಕರಿಯ ಕೋಟಿನ ಸವಾರ ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಹೇಗೆ ಕಾಣಬೇಕು? ಹಳದಿ ಅಥವಾ ಕಿತ್ತಳೆ ಬಣ್ಣ, ಬೆನ್ನಿಗೆ ಮತ್ತು ತೋಳಿಗೆ ಬೆಳಕು ಹಿಮ್ಮರಳಿಸುವ ಪಟ್ಟಿ ಇರಲೇಬೇಕು. ಕೋಟಿನ ಟೊಪ್ಪಿಗೆಯನ್ನು ಹೆಲ್ಮೆಟ್ಟಿನ ಮೇಲೆ ಎಳೆದುಕೊಳ್ಳಬಾರದು. ಪಕ್ಕದ ನೋಟ ತಪ್ಪುತ್ತದೆ. ಟೊಪ್ಪಿಗೆಯಿದೆಯೆಂದು ಹೆಲ್ಮೆಟ್ ಬಿಡುವುದಂತೂ ಮಹಾಪಾಪ.

ಕೊಂಡದ್ದನ್ನು ಕಾಪಾಡುವ ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ "ಎಂಥಾದ ತಂದ್ರೂ ವರ್ಷದಾಗ ಸಿಪ್ಪಿ ಏಳತೈತ್ರಿ" ಎಂಬ ದೂರಿನ ಅರ್ಧ ಪಾಲು ಕಾರಣ ನಮ್ಮ ಕೈಯಲ್ಲಿಯೇ ಇದೆ. ಒದ್ದೆ ಕೋಟನ್ನು ಮಡಚಿ ಸೀಟಿನ ಕೆಳಗೆ ತುರುಕಿದರೆ ತೇವ ಮತ್ತು ಸೆಕೆಗೆ ಒಳಗಿನ ಲೇಪ ಕೊಳೆತು ಸಿಪ್ಪೆಯೇಳುತ್ತದೆ. ಮನೆಗೆ ಬಂದೊಡನೆ ನೆರಳಲ್ಲಿ ತೂಗುಹಾಕಿ, ಒಳಮೈಯನ್ನೂ ಒಣಗಿಸಿ, ಮರಳಿ ಗಾಡಿಯಲ್ಲಿಡಬೇಕು. ಸೋಡಾ ತುಂಬಿದ ಪುಡಿಯಲ್ಲಿ ನೆನೆಹಾಕಿ ಕಲ್ಲಿನ ಮೇಲೆ ಬಡಿಯಬಾರದು. ತಣ್ಣೀರು, ಸೌಮ್ಯ ಸಾಬೂನು ಸಾಕು. ಪ್ಯಾಂಟಿನ ಬಲಗಾಲು ಸೈಲೆನ್ಸರಿಗೆ ತಾಗದಂತೆ ಪಾದದ ಬಳಿ ಬಿಗಿಯಬೇಕು.

"ಇಷ್ಟೆಲ್ಲಾ ಮಾಡಾಕ ರೊಕ್ಕ ಎಲ್ಲಿಂದ ತರೂದ್ರಿ?" ಎಂಬುದು ಕೊನೆಯ ಪ್ರಶ್ನೆ, ಬಡವನ ಬಾಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಹೊಲಿಗೆಗೆ ಪಟ್ಟಿ ಅಂಟಿಸಿದ, ಗಾಳಿಕಂಡಿಯಿರುವ ಸಾಧಾರಣ ಎರಡು ತುಂಡಿನ ಉಡುಪು ಒಂದೂವರೆಯಿಂದ ಎರಡೂವರೆ ಸಾವಿರಕ್ಕೆ ಸಿಗುತ್ತದೆ. ಜೋಪಾನ ಮಾಡಿದರೆ ನಾಲ್ಕು ಮಳೆಗಾಲ ಬಾಳುತ್ತದೆ. ವರ್ಷಕ್ಕೊಂದರಂತೆ ಹರಿಯುವ ಮುನ್ನೂರರ ಪ್ಲಾಸ್ಟಿಕ್ಕಿಗೆ ನಾಲ್ಕು ವರ್ಷದಲ್ಲಿ ಸಾವಿರದಿನ್ನೂರು ಹೋಗಿರುತ್ತದೆ, ಮೈಯೂ ನೆನೆದಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ ವರ್ಷಕ್ಕೆ ಮುನ್ನೂರರ ಸುತ್ತಮುತ್ತ, ತಿಂಗಳಿಗೆ ಇಪ್ಪತ್ತೈದು ರೂಪಾಯಿಯ ಆಸುಪಾಸು. ಅದನ್ನೂ ಭರಿಸಲಾಗದವರಿದ್ದಾರೆ. ನಸುಕಿನಲ್ಲಿ ಹಾಲು ಒಯ್ಯುವವರು, ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳು, ರಾತ್ರಿಪಾಳಿಯ ಕಾರ್ಮಿಕರು ಮಳೆಯಲ್ಲಿ ಓಡಾಡುವುದು ಸ್ವಂತ ಮೋಜಿಗಲ್ಲ. ದೀಪಾವಳಿಗೆ ಸಕ್ಕರೆ, ಸಿಹಿಯ ಡಬ್ಬಿ ಹಂಚುವ ಕಾರ್ಖಾನೆಗಳು, ಹಾಲಿನ ಸಂಘಗಳು, ಸೊಸೈಟಿಗಳು ಜೂನಿನಲ್ಲಿ ಒಂದೊಂದು ಹಳದಿ ರೇನ್‌ಕೋಟ್ ಹಂಚಿದರೆ ಯಾರ ಬೊಕ್ಕಸವೂ ಬರಿದಾಗುವುದಿಲ್ಲ. ಸತ್ಕಾರ ಸಮಾರಂಭಗಳಲ್ಲಿ ಶಾಲು ಹೊದಿಸುವ ನಮ್ಮ ಸಂಘಸಂಸ್ಥೆಗಳಿಗೂ ನನ್ನದೊಂದು ವಿನಂತಿ: ಶಾಲು ಸಾಕು, ಪೆಟ್ಟಿಗೆಯಲ್ಲಿ ಕೊಳೆಯುತ್ತಿವೆ, ಇನ್ನು ಮೇಲೆ ರೇನ್‌ಕೋಟ್ ಹೊದಿಸಿರಿ.

ಉಳಿದವರಿಗೆ, ಅಂದರೆ ಕೈಯಲ್ಲಿ ಹತ್ತು ಸಾವಿರದ ಮೊಬೈಲು ಹಿಡಿದು ಅದನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟುಕೊಳ್ಳುವ ನಮ್ಮಂಥವರಿಗೆ, ಹಣದ ನೆಪ ಸಲ್ಲದು. ಈ ಸಲ ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಕೋಟನ್ನು ಒಳಮೈ ತಿರುಗಿಸಿ ಹೊಲಿಗೆ ನೋಡಿರಿ. ಎಷ್ಟು ಮಿಲಿಮೀಟರ್ ಎಂದು ಕೇಳಿರಿ. ಗಾಳಿಕಂಡಿ ಎಲ್ಲಿದೆ ಎಂದು ಹುಡುಕಿರಿ. ಕಪ್ಪನ್ನು ಬದಿಗೆ ಸರಿಸಿ ಹಳದಿಯನ್ನು ತೆಗೆಯಿರಿ. ಅಷ್ಟಾದ ಮೇಲೆ ಅಂಗಡಿಯಾತ "ಒಂದ ಕಟ್ಟಲೇನ್ರಿ?" ಎಂದು ಕೇಳುತ್ತಾನೆ. "ಎರಡು" ಎನ್ನಿರಿ.